ನೆರಳಲ್ಲಿ ಒಣಗಬೇಕಿದ್ದ ತೊಗರಿ

ಬಿತ್ತನೆ ಬೀಜವನ್ನು ಬಿಸಿಲಿಗೆ ಎಳೆದವನು ನಾನೇ. ಅಣ್ಣನ ಚೀಲದಿಂದ ಯೂರಿಯಾ ಕದ್ದು ಚೆಲ್ಲಿದವನೂ ನಾನೇ. ಇವೆರಡರ ನಡುವೆ ಹದಿನೆಂಟು ತೊಗರಿ ಗಿಡ ಕಿತ್ತು, ಆ ಪಾಪವನ್ನು ಕಾಡುಹಂದಿಯ ಮೇಲೆ ಹೊರಿಸಿದವನೂ ನಾನೇ. ಮೂರನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಓದುತ್ತ ಓದುತ್ತ ಯಾರಾದರೂ ‘ಪಾಪ, ಹುಡುಗ’ ಎಂದು ಮರುಗುವುದು ಬೇಡ. ಈ ಇಡೀ ಪ್ರಕರಣದಲ್ಲಿ ನಿರಪರಾಧಿ ಎಂದರೆ ಹಂದಿ ಒಂದೇ.

ನಮ್ಮೂರು ಅಫಜಲಪುರ ತಾಲ್ಲೂಕಿನಲ್ಲಿ, ಚೌಡಾಪುರದ ರಸ್ತೆ ಬಿಟ್ಟು ಒಳಗೆ ಬಂದರೆ ಸಿಗುತ್ತದೆ. ಮನೆಯಲ್ಲಿ ನಾವು ನಾಲ್ಕು ಮಂದಿ. ಪಹಣಿಯಲ್ಲಿ ಹೆಸರಿರುವ ಅವ್ವ, ಒಕ್ಕಲುತನ ಮಾಡುವ ಅಣ್ಣ, ಆಳಂದ ಕಡೆಯಿಂದ ಅಣ್ಣನ ಹೆಂಡತಿಯಾಗಿ ಬಂದ ವೈನಿ, ಮತ್ತು ನಾನು. ನನ್ನ ಬಿ.ಎ. ಆಗಿದೆ, ಅದರಿಂದ ನನಗಾಗಲಿ ಬಿ.ಎ.ಗಾಗಲಿ ಈವರೆಗೆ ಲಾಭವಾಗಿಲ್ಲ. ನನಗೆ ಬರುವ ವಿದ್ಯೆ ಒಂದೇ, ಇನ್ನೊಬ್ಬರ ಧ್ವನಿ ತೆಗೆಯುವುದು. ಬಸ್ಸಿನ ಕಂಡಕ್ಟರ್, ಪಂಚಾಯ್ತಿ ಕಾರ್ಯದರ್ಶಿ, ಕರೆಂಟು ಹೋಗುವಾಗ ನಿಧಾನಕ್ಕೆ ನಿಲ್ಲುವ ಹಿಟ್ಟಿನ ಗಿರಣಿ, ಎಲ್ಲವನ್ನೂ ಬಾಯಲ್ಲೇ ಮಾಡುತ್ತೇನೆ. ಮದುವೆಗಳಲ್ಲಿ ಕರೆದು ಮೈಕು ಕೊಡುತ್ತಾರೆ. ಹತ್ತು ನಿಮಿಷಕ್ಕೆ ಕೈಯಿಂದ ಕಸಿದುಕೊಳ್ಳುತ್ತಾರೆ.

ಜಗಳ ಹುಟ್ಟಿದ್ದು ಬಾವಿ ಹೊಲದಿಂದ. ಎರಡು ಎಕರೆ ಎರೆಭೂಮಿ. ಹವಳಗಾದ ಸಕ್ಕರೆ ಕಾರ್ಖಾನೆ ಹತ್ತಿರವಿದ್ದುದರಿಂದ ವರ್ಷಗಟ್ಟಲೆ ಅದರಲ್ಲಿ ಕಬ್ಬೇ ಇತ್ತು. ಹಳೆಯ ಕೂಳೆ ಕಿತ್ತು ಹಾಕಿದ ಬೇಸಿಗೆಯಲ್ಲಿ, ಮತ್ತೆ ಕಬ್ಬು ಹಚ್ಚಬೇಕೆಂದು ಅಣ್ಣ ಲೆಕ್ಕ ಹಾಕಿದ್ದ. ವೈನಿ ಅಡ್ಡ ಬಂದರು.

“ಈ ವರ್ಷ ತೊಗರಿ ಹಾಕೋಣ್ರಿ. ಹೊಲ ದಣದದ.”

“ದಣದದ ಅಂತ ಹೊಲ ನಿನಗ ಫೋನ್ ಮಾಡಿ ಹೇಳ್ತೇನು?”

“ನಿಮಗ ಮಾಡಿರ್ಬೇಕು. ನೀವು ಎತ್ತಿಲ್ಲ.”

ವೈನಿಯ ತವರಿನವರು ಪೂರಾ ತೊಗರಿಯ ಮಂದಿ. ಆ ಊರಿನಲ್ಲೇ ಕೃಷಿ ಇಲಾಖೆಯ ಸಾಹೇಬರೊಬ್ಬರು ಒಂದು ದಿನದ ತರಬೇತಿ ಇಟ್ಟಿದ್ದರು. ವೈನಿಯನ್ನು ಗಾಡಿಯ ಮೇಲೆ ಕೂರಿಸಿಕೊಂಡು ಹೋದವನು ನಾನು. ಊಟ ಇದೆ ಎಂದು ಹೇಳಿದ್ದರಿಂದ ಹೋದೆ. ಊಟದ ಮೊದಲು ಭಾಷಣ ಇದೆ ಎಂದು ಹೇಳಿರಲಿಲ್ಲ. ಸಾಹೇಬರಿಗೆ ಒಂದು ಚಟ. ಪ್ರತಿ ವಾಕ್ಯದ ಕೊನೆಗೆ “ಹೌದಿಲ್ಲೋ?” ಎಂದು ಕೇಳಿ, ಯಾರಾದರೂ “ಹೌದ್ರಿ” ಅನ್ನುವ ತನಕ ಮುಂದೆ ಹೋಗುತ್ತಿರಲಿಲ್ಲ.

“ಗಾಳಿಯೊಳಗ ಸಾರಜನಕ ತುಂಬಿ ತುಳುಕ್ಯಾಡ್ತದ. ಹೌದಿಲ್ಲೋ? ಖರೆ ಅದನ್ನ ಹಂಗ ತಿನ್ನಾಕ ಗಿಡಕ್ಕ ಬರಂಗಿಲ್ಲ. ಹೌದಿಲ್ಲೋ?”

ಅವರು ಹೇಳಿದ್ದರ ತಾತ್ಪರ್ಯ ಇಷ್ಟು. ಮಣ್ಣಿನಲ್ಲಿ ರೈಜೋಬಿಯಂ ಎಂಬ ಕಣ್ಣಿಗೆ ಕಾಣದ ಜೀವಿ ಇರುತ್ತದೆ. ಅದು ತೊಗರಿ, ಕಡಲೆ, ಹೆಸರು, ಶೇಂಗಾದಂಥ ಗಿಡಗಳ ಎಳೆ ಬೇರಿನೊಳಗೆ ಸೇರಿಕೊಳ್ಳುತ್ತದೆ. ಗಿಡ ಅದಕ್ಕೆ ಬೇರಿನಲ್ಲೇ ಕೋಣೆ ಕಟ್ಟಿಕೊಡುತ್ತದೆ. ಹೊರಗಿನಿಂದ ನೋಡಿದರೆ ಅದು ಸಣ್ಣ ಗಂಟು. ಒಳಗೆ ಕುಳಿತ ಜೀವಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒಗ್ಗುವ ಆಹಾರವಾಗಿ ಮಾಡಿಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಜೋಳಕ್ಕೆ, ಕಬ್ಬಿಗೆ ಇಂಥ ಕೋಣೆ ಕಟ್ಟಲು ಬರುವುದಿಲ್ಲ. ಗಂಟನ್ನು ಸೀಳಿದಾಗ ಒಳಗೆ ಕೆಂಪಗಿದ್ದರೆ ಕೆಲಸ ನಡೆದಿದೆ. ಬೆಳ್ಳಗಿದ್ದರೆ ಇನ್ನೂ ಕೆಲಸಕ್ಕೆ ಹತ್ತಿಲ್ಲ. ಬಹಳ ವರ್ಷ ತೊಗರಿಯನ್ನೇ ಕಾಣದ ಹೊಲದಲ್ಲಿ ಈ ಜೀವಿಗಳು ಕಡಿಮೆ ಇರಬಹುದು, ಅದಕ್ಕೇ ಬಿತ್ತುವ ಮುಂಚೆ ಬೀಜಕ್ಕೆ ಬೆಲ್ಲದ ನೀರಿನಲ್ಲಿ ಆ ಪುಡಿ ಹಚ್ಚಬೇಕು, ನೆರಳಲ್ಲಿ ಒಣಗಿಸಬೇಕು, ಆ ದಿನವೇ ಬಿತ್ತಬೇಕು.

ಮನೆಗೆ ಬಂದ ಮೇಲೆ ಪಡಸಾಲೆಯಲ್ಲಿ ನಿಂತು ಇಡೀ ತರಬೇತಿಯನ್ನು ನಾನೇ ಮತ್ತೊಮ್ಮೆ ನಡೆಸಿದೆ. ಸಾಹೇಬರ ಗಂಟಲು, ಅವರ “ಹೌದಿಲ್ಲೋ?”, ಕೊನೆಗೆ ಬೇರಿನ ಬಾಗಿಲು ಬಡಿಯುವ ಆ ಜೀವಿಯ ಕೀರಲು ಧ್ವನಿ. “ತೊಗರಿಯವ್ವಾ, ಬಾಗಿಲ ತೆಗಿಯವ್ವಾ. ಪಾಲಿಗೆ ಮಾಡಾಕ ಬಂದೀವಿ. ನೀ ಸಕ್ಕರಿ ಕೊಡು, ನಾವು ಗಾಳ್ಯಾಗಿಂದು ಗೊಬ್ಬರ ಮಾಡಿ ಕೊಡ್ತೀವಿ.”

ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ಅಣ್ಣ ನಗಲಿಲ್ಲ. “ಸಕ್ಕರಿ ಬೇಕಾದ್ರ ಹವಳಗಾಕ ಹೋಗು ಅನ್ನು ಅದಕ್ಕ” ಅಂದ.

ಗಂಡ ಹೆಂಡತಿಯ ವಾದ ಎರಡು ದಿನ ನಡೆಯಿತು. ಮೂರನೆಯ ದಿನ ಅವ್ವ ತೀರ್ಪು ಕೊಟ್ಟಳು. “ಯೂರಿಯಾ ಹಾಕದ ಬೆಳಿತೇನಿ ಅಂತಾಳಲ್ಲ, ಬೆಳಿಲಿ. ಬಿತ್ತಿದ ನಲವತ್ತನೇ ದಿನ ನಾ ಹೊಲಕ್ಕ ಬಂದು ಬೇರು ನೋಡ್ತೇನಿ. ಗಂಟು ಹಿಡಿದಿದ್ರ ಬಾವಿ ಹೊಲದ ಕಾರಬಾರು ಇನ್ನ ಮುಂದ ಅಕಿದು. ಇಲ್ಲಂದ್ರ ತೊಗರಿ ಹರಗಿ ನೀ ಕಬ್ಬು ಹಚ್ಚು.”

ಹೀಗೆ ಎರಡು ಎಕರೆ ಹೊಲ ಬೇರಿನ ಗಂಟಿನ ಮೇಲೆ ಹೋಗಿ ನಿಂತಿತು. ಆರು ವರ್ಷ ನಮ್ಮ ಹೊಲದಲ್ಲಿ ಕಳೆ ತೆಗೆದು, ಬುತ್ತಿ ಹೊತ್ತ ವೈನಿಗೆ ಯಾವ ಹೊಲದಲ್ಲಿ ಏನು ಬಿತ್ತೋಣ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನನ್ನನ್ನೂ ಯಾರೂ ಕೇಳುತ್ತಿರಲಿಲ್ಲ, ಆದರೆ ನನಗೆ ಅದರಿಂದ ಆರಾಮೇ ಇತ್ತು.

ಬಿತ್ತುವ ದಿನ ಬೆಳಿಗ್ಗೆ ವೈನಿ ಹೊಲದ ಬದುವಿನ ಬೇವಿನ ಮರದಡಿ ತಾಡಪತ್ರಿ ಹಾಸಿದರು. ಕುದಿಸಿ ಆರಿಸಿದ ಬೆಲ್ಲದ ನೀರು ತಂದಿದ್ದರು. ಪಾಕೀಟು ಒಡೆದರೆ ಒಳಗೆ ಮಸಿಯಂಥ ಕಪ್ಪು ಪುಡಿ. ಅದನ್ನು ಬೆಲ್ಲದ ನೀರಿನಲ್ಲಿ ಕಲಸಿ, ಬೀಜದ ಮೇಲೆ ಚಿಮುಕಿಸಿ, ಬೀಜದ ಸಿಪ್ಪೆ ಏಳದಂತೆ ಬೆರಳ ತುದಿಯಲ್ಲಿ ಹೊರಳಿಸಿದರು. ಬೀಜವೆಲ್ಲ ಕರ್ರಗಾಯಿತು.

“ತಮ್ಮಾ, ನಾ ಮನಿಗೋಗಿ ಬುತ್ತಿ, ಪೂಜಿ ಸಾಮಾನ ತರ್ತೇನಿ. ನೆರಳ ಸರಿದಂಗ ತಾಡಪತ್ರಿನೂ ಸರಸು. ಬಿಸಿಲ ಬೀಳಬಾರದು ನೋಡು” ಅಂದರು.

ಹೇಳಿದ್ದು ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಬಿಸಿಲಿಗೆ ಹಾಕಿ ಕೆಟ್ಟ ವಸ್ತು ಯಾವುದಿದೆ? ಮೆಣಸಿನಕಾಯಿ, ಹಪ್ಪಳ, ಸಂಡಿಗೆ, ಜೋಳ, ಕೌದಿ, ನುಸಿ ಹಿಡಿದ ಬೇಳೆ, ಮೊಣಕಾಲು ಹಿಡಿದ ಅಜ್ಜ, ಎಣ್ಣೆ ಹಚ್ಚಿದ ಕೂಸು, ಎಲ್ಲವನ್ನೂ ಬಿಸಿಲಿಗೆ ಹಾಕಿಯೇ ಸರಿಮಾಡುತ್ತೇವೆ. ಪುಸ್ತಕ ತೋಯಿಸಿಕೊಂಡು ಬಂದರೆ ಬಿಸಿಲು, ಮೊಬೈಲ್ ನೀರಿಗೆ ಬಿದ್ದರೆ ಬಿಸಿಲು. ನೆರಳು ಎಂಬುದು ಮನುಷ್ಯರು ಮಲಗುವ ಜಾಗ. ಅಲ್ಲಿ ಏನಾದರೂ ಒಣಗುತ್ತದೆ ಎಂದು ನಾನು ನಂಬಿರಲಿಲ್ಲ. ನಂಬಿಕೆಯಂತೆ ಬೀಜವೂ ಒಣಗಲಿಲ್ಲ. ಅಂಟು ಅಂಟಾಗಿ ಕುಳಿತಿತ್ತು, ಬೆಲ್ಲದ ವಾಸನೆಗೆ ಇರುವೆಗಳು ಸಾಲುಗಟ್ಟಿದವು. ಆ ಹೊತ್ತಿಗೆ ಬಾಡಿಗೆ ಟ್ರ್ಯಾಕ್ಟರಿನ ಚಾಚಾ ಕೂರಿಗೆ ಕಟ್ಟಿಕೊಂಡು ಬಂದು ಹಾರ್ನ್ ಹೊಡೆದರು.

“ಅರೆ ಓ ಆರ್ಟಿಸ್ಟ್ ಸಾಬ್, ಬೀಜ ತಯಾರ್ ಅದಾವೇನು? ನಂದು ಇನ್ನ ಮೂರು ಹೊಲ ಬಾಕಿ ಅವ.”

“ಪಾಂಚ್ ಮಿನಿಟ್ ಚಾಚಾ” ಎಂದು ಚಾಚಾನ ಧ್ವನಿಯಲ್ಲೇ ಉತ್ತರ ಕೊಟ್ಟು, ತಾಡಪತ್ರಿಯ ಎರಡು ಮೂಲೆ ಹಿಡಿದು ಬಿಸಿಲಿಗೆ ಎಳೆದೆ. ಮೋಡ ಸರಿದು ಸುಡುವ ಬಿಸಿಲು ಬಿದ್ದಿತ್ತು. ಸ್ವಲ್ಪ ಹೊತ್ತಿನಲ್ಲಿ ಬೀಜ ಗಲಗಲ ಅನ್ನತೊಡಗಿತು. ಮತ್ತೆ ನೆರಳಿಗೆ ಎಳೆದು, ತಾಡಪತ್ರಿಯ ಅಂಚಿಗೆ ಕುಳಿತು, ದೊಡ್ಡ ಕೆಲಸ ಮಾಡಿದವನಂತೆ ಬೆವರು ಒರೆಸಿಕೊಂಡೆ.

ವೈನಿ ಬಂದು ಬೀಜ ಮುಟ್ಟಿದರು. “ಬೆಚ್ಚಗ ಅದಾವಲ್ಲೋ?”

“ಗಾಳಿನೇ ಬೆಚ್ಚಗದರಿ ವೈನಿ. ಬೀಜದ್ದೇನ್ ತಪ್ಪು?”

ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಚಾಚಾ ಮತ್ತೆ ಹಾರ್ನ್ ಹೊಡೆದರು. ಬಿತ್ತನೆ ಆಯಿತು.

ಸಂಜೆ ಖಾಲಿ ಪಾಕೀಟು ಕೈಗೆ ಸಿಕ್ಕಿತು. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಎಲ್ಲ ಬರೆದಿದ್ದರು. ಒಳಗಿರುವುದು ಜೀವಂತ ಜೀವಿಗಳು, ಬಿಸಿಲು ಬಿಸಿ ತಾಗಿದರೆ ಸಾಯುತ್ತವೆ. ಬಿ.ಎ.ಯಲ್ಲಿ ಓದದ್ದನ್ನೆಲ್ಲ ಆ ಒಂದು ಪಾಕೀಟಿನ ಮೇಲೆ ಎರಡು ಸಲ ಓದಿದೆ. ತರಬೇತಿಯ ಹಾಳೆಯಲ್ಲಿ ಸಾಹೇಬರ ನಂಬರ್ ಇತ್ತು. ನನ್ನ ಧ್ವನಿಯಲ್ಲಿ ಕೇಳಲು ಧೈರ್ಯ ಬರಲಿಲ್ಲ. ಜೇವರ್ಗಿ ಕಡೆ ಇಜೇರಿಯಲ್ಲಿ ನನಗೊಬ್ಬ ಸೋದರಮಾವ ಇದ್ದಾನೆ, ಮುಂದಿನ ಹಲ್ಲುಗಳಿಲ್ಲದವನು. ಅವನ ಧ್ವನಿ ತೆಗೆದು ಫೋನ್ ಹಚ್ಚಿದೆ.

“ಸಾಹೇಬ್ರ, ನಾ ಇಜೇರಿ ಮುದುಕ ಮಾತಾಡಾಕತ್ತೇನ್ರಿ. ನಮ್ಮ ಓಣ್ಯಾಗಿನ ಹುಡುಗೊಬ್ಬ ಪುಡಿ ಹಚ್ಚಿದ ಬೀಜಾನ ಬಿಸಿಲಿಗೆ ಹಾಕ್ಯಾನ್ರಿ.”

“ಎಷ್ಟು ವಯಸ್ಸಿನ ಹುಡುಗ?”

“ಇಪ್ಪತ್ನಾಲ್ಕು ಆಗ್ಯಾವ್ರಿ.”

“ಅಂವ ಹುಡುಗ ಅಲ್ರಿ, ಕ್ವಾಣ. ಹೌದಿಲ್ಲೋ?”

ಕಾಯುತ್ತಿದ್ದರು. “ಹೌದ್ರಿ” ಅನ್ನಲೇಬೇಕಾಯಿತು. “ಎಲ್ಲಾ ಸತ್ತಿರ್ತಾವೇನ್ರಿ?” ಎಂದು ಕೇಳಿದೆ.

“ಎಲ್ಲಾ ಸತ್ತಾವ ಅಂತ ಹೇಳಾಕ ಬರಂಗಿಲ್ಲ. ಎಷ್ಟೊತ್ತು ಬಿಸಿಲಿತ್ತು, ಎಷ್ಟು ಸುಟ್ಟಿತು, ಅದರ ಮ್ಯಾಲ ಅದ. ತಿಂಗಳ ಬಿಟ್ಟು ಬೇರು ನೋಡ್ರಿ. ನೋಡೂ ಮುಂದ ಒಂದು ಮಾತು ನೆನಪಿಡ್ಬೇಕು... ಜರಾ ತಡೀರಿ, ಬರಕೋತೇನಿ. ನಿಮ್ಮ ಸರ್ವೆ ನಂಬರ್ ಹೇಳ್ರಿ.”

ಫೋನ್ ಇಟ್ಟುಬಿಟ್ಟೆ. ನೆನಪಿಡಬೇಕಾದ ಆ ಮಾತು ಸಾಹೇಬರ ಬಳಿಯೇ ಉಳಿಯಿತು.

ತೊಗರಿ ಚೆನ್ನಾಗಿಯೇ ಹುಟ್ಟಿತು. ಮೂರು ವಾರವಾಗುತ್ತಲೇ ಎಲೆ ಸ್ವಲ್ಪ ಹಳದಿಗೆ ತಿರುಗಿತು. ಅಣ್ಣ ಬದುವಿನ ಮೇಲೆ ನಿಂತು, “ನಿನ್ನ ತೊಗರಿಗೆ ಕಾಮಾಲಿ ಆಗ್ಯಾದ. ದವಾಖಾನಿಗೆ ಒಯ್ಯೂಣೇನು?” ಅಂದ.

“ಈಗ ಒಳಗ ಮನಿ ಕಟ್ಟಾಕತ್ತಾವ್ರಿ. ಮನಿ ಕಟ್ಟೋರ ಮುಖ ಹಂಗೇ ಇರ್ತದ” ಅಂದರು ವೈನಿ.

ಉತ್ತರವೇನೋ ಗಟ್ಟಿಯಾಗಿತ್ತು. ಆದರೆ ಆ ದಿನಗಳಲ್ಲಿ ವೈನಿ ಬೆಳಿಗ್ಗೆ ರೊಟ್ಟಿ ಬಡಿಯುವ ಮುಂಚೆಯೇ ಹೊಲಕ್ಕೆ ಹೋಗಿ ಬರತೊಡಗಿದ್ದರು. ನಾನು ಕಂಡಕ್ಟರ್ ಧ್ವನಿ ತೆಗೆದರೂ ನಗುತ್ತಿರಲಿಲ್ಲ. ನನ್ನ ಮಿಮಿಕ್ರಿಗೆ ತಪ್ಪದೆ ನಗುವ ಗಿರಾಕಿ ಅವರೊಬ್ಬರೇ ಆಗಿದ್ದರು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಹೊಲಕ್ಕೆ ಹೋಗಿ ಒಂದು ಗಿಡವನ್ನು ಬುಡಕ್ಕೆ ಕೈ ಹಾಕಿ ಕಿತ್ತೆ. ಬೇರು ಬಂತು, ಗಂಟು ಇರಲಿಲ್ಲ. ಇನ್ನೊಂದು ಕಡೆ ಕಿತ್ತೆ, ಇಲ್ಲ. ಹೊಲದ ತುಂಬ ಅಲ್ಲೊಂದು ಇಲ್ಲೊಂದು ಹದಿನೆಂಟು ಕಿತ್ತೆ. ಎಲ್ಲವೂ ಇಲಿಯ ಬಾಲದಂತೆ ಬೋಳು. ಎಲ್ಲ ಸತ್ತಿವೆ, ನಾನೇ ಕೊಂದಿದ್ದೇನೆ ಎಂದು ಖಾತ್ರಿಯಾಯಿತು.

ಮರುದಿನ ಸಾಲುಗಳಲ್ಲಿ ಖಾಲಿ ಜಾಗ, ಬದುವಿನ ಮೇಲೆ ಕಿತ್ತ ಗಿಡ ಕಂಡು ಮನೆಗೆ ಬಂದ ಅಣ್ಣ, “ಹಂದಿ ಹೊಕ್ಕಾವ” ಅಂದ. “ಹೌದಣ್ಣಾ, ನಾನೂ ಸಪ್ಪಳ ಕೇಳೀನಿ” ಎಂದು ಹಂದಿಯ ಗುಟುರನ್ನೂ ಹಾಕಿ ತೋರಿಸಿದೆ. ಗುಟುರು ಅಸಲಿಯಂತೆಯೇ ಬಂದಿತ್ತು.

ಅವ್ವ ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತದೆ ಕೇಳಿದಳು. “ಕಿತ್ತ ಗಿಡಾನ ಬದುವಿನ ಮ್ಯಾಲ ಒಂಬತ್ತೊಂಬತ್ತರ ಸಾಲಾಗಿ ಇಡೂ ಹಂದಿ ಯಾವ ಊರಿಂದು?”

ಯಾವ ಊರೆಂದು ನನಗೆ ಗೊತ್ತಿತ್ತು, ಹೊರಗೆ ಜಾರಿಕೊಂಡೆ. ಹಂದಿಗಂತೂ ಗೊತ್ತಿರಲಿಲ್ಲ.

ನಿಜ ಹೇಳಿದರೆ ಹೊಲ ಕಬ್ಬಿಗೆ ಹೋಗುತ್ತದೆ. ಹೇಳದಿದ್ದರೂ ಹಳದಿ ಗಿಡ ನೋಡಿ ಹೋಗುತ್ತದೆ. ಒಳಗಿನವರು ಸತ್ತಿದ್ದರೆ ಹೊರಗಿನಿಂದ ನಾನೇ ಉಣಿಸುತ್ತೇನೆ ಎಂದು ನಿಶ್ಚಯಿಸಿದೆ. ಅವ್ವ ನೋಡುತ್ತೇನೆ ಎಂದದ್ದು ಬೇರನ್ನು, ಎಲೆಯನ್ನಲ್ಲ ಎಂಬುದು ಆ ಹೊತ್ತಿನಲ್ಲಿ ತಲೆಗೆ ಬರಲಿಲ್ಲ. ಬೇರೆ ಹೊಲದ ಕಬ್ಬಿಗೆಂದು ಅಣ್ಣ ತಂದಿಟ್ಟಿದ್ದ ಯೂರಿಯಾ ಚೀಲದಿಂದ ಬುಟ್ಟಿಗೆ ತುಂಬಿಕೊಂಡು, ಮಳೆ ಬರುವ ಹಾಗಿದ್ದ ಒಂದು ಇಳಿಹೊತ್ತು ಬಂಡಿದಾರಿಯ ಪಕ್ಕದ ಐದು ಸಾಲಿಗೆ ಚೆಲ್ಲಿದೆ. ಅಣ್ಣ ದಿನಾ ನಿಂತು ನೋಡುತ್ತಿದ್ದುದು ಅಲ್ಲಿಂದಲೇ. ಮಳೆ ಬಂತು. ವಾರದಲ್ಲಿ ಆ ಐದು ಸಾಲು ಕಡುಹಸಿರಾದವು.

ಅಣ್ಣ ಬೆರಗಾಗಿ ನಿಂತ. ವೈನಿ ಐದು ಸಾಲನ್ನು ನೋಡಿದರು, ಆರನೆಯ ಸಾಲನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ನಲವತ್ತನೆಯ ದಿನ ಅವ್ವ ಚಪ್ಪಲಿ ಕೈಯಲ್ಲಿ ಹಿಡಿದು, ಹಸಿ ಎರೆಮಣ್ಣಿನಲ್ಲಿ ಕಾಲು ಕಿತ್ತಿಡುತ್ತ ಬಂದಳು. ವೈನಿ ಒಂದು ಸಲಿಕೆ, ಎರಡು ಬಕೆಟ್ ನೀರು ಇಟ್ಟುಕೊಂಡು ಮೊದಲೇ ಕಾಯುತ್ತಿದ್ದರು. ಅಣ್ಣ ನೇರ ಹಸಿರು ಸಾಲಿಗೆ ಹೋಗಿ ಒಂದು ಗಿಡದ ಬುಡಕ್ಕೆ ಕೈ ಹಾಕಿದ.

“ಕೀಳಬ್ಯಾಡ್ರಿ!” ವೈನಿ ಕೂಗಿದರು. “ಕಿತ್ರ ಗಂಟೆಲ್ಲಾ ಹರದು ಮಣ್ಣಾಗ ಉಳೀತಾವ. ಹೆಂಟಿ ಸಮೇತ ಅಗದು ನೀರಾಗ ಇಡ್ಬೇಕು.”

ಸಾಹೇಬರು ಹೇಳಲಿದ್ದ ಆ ಒಂದು ಮಾತು ಇದಾಗಿತ್ತು. ಹದಿನೆಂಟು ಗಿಡಗಳೂ ನನ್ನ ಕಣ್ಣ ಮುಂದೆ ಹಾದುಹೋದವು.

ಅಣ್ಣ ಕೈ ಹಾಕಿದ್ದ ಗಿಡವನ್ನೇ ವೈನಿ ಸುತ್ತಲೂ ಅಗೆದು, ಮಣ್ಣಿನ ಹೆಂಟೆಯ ಸಮೇತ ಎತ್ತಿ ಬಕೆಟ್ಟಿಗೆ ಇಳಿಸಿದರು. ಎರೆಮಣ್ಣು ನಿಧಾನಕ್ಕೆ ಕರಗಿತು. ಬೇರು ಹೊರಬಂತು. ಹುಡುಕಿದರೆ ಮೂರು ನಾಲ್ಕು ಗಂಟು, ಸಾಸಿವೆಗಿಂತ ಸಣ್ಣವು. ಸೀಳಿದರೆ ಒಳಗೆ ಬಿಳಿ.

“ಆತಲ್ಲ?” ಅಂದ ಅಣ್ಣ.

ವೈನಿಯ ಕೈ ನೀರಿನಲ್ಲೇ ಉಳಿಯಿತು. ಬಳಿಕ ಎದ್ದು, ಯಾರನ್ನೂ ಕೇಳದೆ ಹೊಲದ ನಡುವಿಗೆ ನಡೆದು ಇನ್ನೊಂದು ಗಿಡ ಅಗೆದು ತಂದರು. ನೋಡಲು ಅದು ಮೊದಲಿನದರಷ್ಟು ಸೊಗಸಾಗಿರಲಿಲ್ಲ, ತಿಳಿಹಸಿರು, ಗಿಡ್ಡ. ಎರಡನೆಯ ಬಕೆಟ್ಟಿನಲ್ಲಿ ಮಣ್ಣು ಕರಗಿತು. ಬೇರಿನ ತುಂಬ ಜೋಳದ ಕಾಳು ಪೋಣಿಸಿದಂತೆ ಗಂಟುಗಳು. ಒಂದನ್ನು ಕಿತ್ತು ಉಗುರಿನಿಂದ ಸೀಳಿದರು. ಒಳಗೆ ಕೆಂಪು. ಅದನ್ನು ಅವ್ವನ ಅಂಗೈಯಲ್ಲಿಟ್ಟರು.

ಅವ್ವ ಕಣ್ಣಿನ ಹತ್ತಿರ ತಂದು ನೋಡಿದಳು. “ರಕ್ತ ಇದ್ದಂಗ ಅದಲ್ಲ ಬೇ!”

ವೈನಿ ಇನ್ನೂ ನಾಲ್ಕು ಕಡೆ ಅಗೆದರು. ಎರಡರಲ್ಲಿ ಹೀಗೇ ತುಂಬಿದ್ದವು. ಇನ್ನೆರಡರಲ್ಲಿ ಹತ್ತರ ಒಳಗೆ, ಆದರೂ ಕೆಂಪಗಿದ್ದವು. ನನ್ನ ಬಿಸಿಲು ಎಷ್ಟನ್ನು ಕೊಂದಿತು, ಎಷ್ಟು ಬದುಕಿದವು, ಮಣ್ಣಿನಲ್ಲಿ ಮೊದಲೇ ಎಷ್ಟಿದ್ದವು, ಇವತ್ತಿಗೂ ನನಗೆ ಗೊತ್ತಿಲ್ಲ. ಫೋನ್ ಮಾಡಿ ಕೇಳಬಹುದು. ಆದರೆ ಇಜೇರಿ ಮುದುಕನ ಸರ್ವೆ ನಂಬರ್ ಇನ್ನೂ ಬಾಕಿ ಇದೆ.

“ಒಂದೇ ಬೀಜ, ಒಂದೇ ದಿನ, ಒಂದೇ ಪುಡಿ” ಅಂದರು ವೈನಿ. “ದಾರಿ ಕಡಿ ಸಾಲಿಗೆ ಮಾತ್ರ ಗಂಟಿಲ್ಲ. ಯಾಕ ಮೈದುನ್ರ?”

ತಮ್ಮಾ ಎನ್ನುವವರು ಮೈದುನ್ರ ಎಂದದ್ದು ಕೇಳಿ ನನಗೆ ಉಳಿಗಾಲವಿಲ್ಲ ಎಂದು ಗೊತ್ತಾಯಿತು. ಬಿಸಿಲು, ಹದಿನೆಂಟು ಗಿಡ, ಯೂರಿಯಾ, ಮೂರನ್ನೂ ಅಲ್ಲೇ ಒದರಿದೆ. ಆ ದಿನ ಯಾರ ಧ್ವನಿಯೂ ಬರಲಿಲ್ಲ. ನನ್ನದೇ ಬಂತು, ಅದೂ ಅರ್ಧ.

ವೈನಿ ಬೈಯಲಿಲ್ಲ. ಬಕೆಟ್ಟಿನಿಂದ ಹಸಿರು ಗಿಡ ಎತ್ತಿ ಅಣ್ಣನಿಗೆ ತೋರಿಸಿದರು. “ಯೂರಿಯಾ ತಾನಾಗಿ ಬಾಯಿಗೆ ಬಂದು ಬಿದ್ರ, ಈ ಗಿಡ ಯಾಕ ಬೇರಾಗ ಕೋಣಿ ಕಟ್ಟಿ, ಸಕ್ಕರಿ ಕೊಟ್ಟು ಆ ಜೀವಿಗಳನ್ನ ಸಾಕ್ತದ್ರಿ? ಅದಕ್ಕ ಬೇಕಾಗಿಲ್ಲ, ಕಟ್ಟಿಲ್ಲ.”

ಅಣ್ಣ ಸುಲಭಕ್ಕೆ ಸೋಲುವವನಲ್ಲ. ಬದುವಿನ ಮೇಲೆ ಹೋಗಿ ನಿಂತು ಕೈ ಮಾಡಿದ. “ಅದೆಲ್ಲಾ ಖರೆ ಅಂತ ಇಟ್ಕೊ. ಕಣ್ಣಿಗೆ ಕಾಣೂದು ಏನು? ಯೂರಿಯಾ ತಿಂದ ಸಾಲು ಹ್ಯಾಂಗ ಕರ್ರಗ ಹಸರಾಗ್ಯಾವ ನೋಡವ್ವಾ. ಇವು ಪಾಪದ ಮಕ್ಕಳಂಗ ಅದಾವ. ಹರಗಿ ಕಬ್ಬು ಹಚ್ಚೂದೇ ಚಲೋ.”

ವೈನಿ ಅವ್ವನ ಮುಖ ನೋಡುತ್ತ ನಿಂತರು. ಕೆಂಪು ಗಂಟು ಇನ್ನೂ ಅವ್ವನ ಅಂಗೈಯಲ್ಲೇ ಇತ್ತು. ಅವ್ವ ಹಸಿರು ಗಿಡದ ಬೋಳು ಬೇರನ್ನು ನೋಡಿದಳು, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಅಣ್ಣನ ಕಡೆ ತಿರುಗಿದಳು.

“ಪುಕ್ಕಟ ತಿಂದ ಆ ಸಾಲು ನಿನ್ನ ತಮ್ಮನಂಗ ಆಗ್ಯಾವ. ಮ್ಯಾಲ ಹಸರು, ಬೇರಾಗ ಏನಿಲ್ಲ. ಇಂಥದು ಮನ್ಯಾಗ ಒಂದದ, ಸಾಕು, ಹೊಲದಾಗ ಬ್ಯಾಡ. ಕಬ್ಬಿನ ಮಾತು ಬಿಡು, ಬಾವಿ ಹೊಲ ಇನ್ನ ಅಕಿದು.”